ಸಿಯಾಟಲ್‌ನಿಂದ ಬ್ಯಾನ್ಫ್, ಜಾಸ್ಪರ್, ಗ್ಲೇಸಿಯರ್ ಸುತ್ತಿ ಬರುವ ಕಾರು ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಹತ್ತಿರ ಬಂತೆಂದರೆ ನನಗೆ ಫೋನ್‌ಗಳು ಶುರುವಾಗುತ್ತವೆ. "ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಕೆನಡಾ ಕಡೆ ಕಾರಲ್ಲಿ ಹೋಗೋಣ ಅಂತಿದೀವಿ, ಹೇಗೆ ಪ್ಲ್ಯಾನ್ ಮಾಡೋದು?" ಈ ಸುತ್ತನ್ನು ನಾನು ಮೂರು ಸಲ ಮಾಡಿದ್ದೇನೆ. ಮೊದಲ ಸಲ ನಾವಿಬ್ಬರೇ. ಎರಡನೇ ಸಲ ಪುಟ್ಟ ಮಗಳ ಜೊತೆ. ಮೂರನೇ ಸಲ ತಿಪಟೂರಿನಿಂದ ಬಂದ ಅಪ್ಪ ಅಮ್ಮನ ಜೊತೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ದಾರಿ ಯಾವುದು? ಒಟ್ಟು ಎಷ್ಟು ದೂರ?

ಸಿಯಾಟಲ್‌ನಿಂದ ಉತ್ತರಕ್ಕೆ ಹೋಗಿ, ಬ್ಲೇನ್ ಹತ್ತಿರ ಪೀಸ್ ಆರ್ಚ್‌ನಲ್ಲಿ ಗಡಿ ದಾಟಿದರೆ ವ್ಯಾಂಕೂವರ್. ಅಲ್ಲಿಂದ ಪೂರ್ವಕ್ಕೆ ಹೋಪ್, ಕ್ಯಾಮ್‌ಲೂಪ್ಸ್, ರೆವೆಲ್‌ಸ್ಟೋಕ್, ಗೋಲ್ಡನ್. ಆಮೇಲೆ ಯೋಹೋ ಪಾರ್ಕ್ ದಾಟಿ ಲೇಕ್ ಲೂಯೀಸ್. ಅಲ್ಲಿಂದ ಉತ್ತರಕ್ಕೆ ಜಾಸ್ಪರ್‌ವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬ್ಯಾನ್ಫ್. ನಂತರ ಕ್ಯಾಲ್ಗರಿ, ವಾಟರ್‌ಟನ್. ಮತ್ತೆ ಗಡಿ ದಾಟಿ ಮೊಂಟಾನಾದ ಗ್ಲೇಸಿಯರ್ ಪಾರ್ಕ್. ಕೊನೆಗೆ ಸ್ಪೋಕೇನ್ ಮೇಲೆ ಸಿಯಾಟಲ್. ಎಲ್ಲ ಸೇರಿ ಸುಮಾರು 3,000 ಕಿಲೋಮೀಟರ್. ಎರಡು ದೇಶ, ಕೆನಡಾದ ಎರಡು ಪ್ರಾಂತ್ಯ (ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ), ಅಮೆರಿಕದ ಮೂರು ರಾಜ್ಯ, ಏಳು ರಾಷ್ಟ್ರೀಯ ಉದ್ಯಾನ.

ಎಷ್ಟು ದಿನ ಬೇಕು? ಏಳು ದಿನದಲ್ಲಿ ಮುಗಿಸಬಹುದಾ?

ಓಡಿಸಿ ಮುಗಿಸಬಹುದು. ಆದರೆ ದಯವಿಟ್ಟು ಬೇಡ.

ನಮ್ಮ ಮೊದಲ ಟ್ರಿಪ್ ಎಂಟು ದಿನದ್ದು. ದಿನಾ ಹೊಸ ಹೋಟೆಲು. ಬೆಳಿಗ್ಗೆ ಬ್ಯಾಗು ಕಟ್ಟುವುದು, ರಾತ್ರಿ ಬಿಚ್ಚುವುದು. ವಾಪಸ್ ಬಂದು ಫೋಟೋ ನೋಡುವಾಗ ಇದು ಯಾವ ಕೆರೆ, ಅದು ಯಾವ ಬೆಟ್ಟ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅಷ್ಟು ದುಡ್ಡು, ಅಷ್ಟು ರಜೆ ಹಾಕಿದ್ದೆವು. ಆ ಬೇಜಾರು ಇನ್ನೂ ಇದೆ.

ಹನ್ನೆರಡು ದಿನ ಇಟ್ಟುಕೊಳ್ಳಿ. ಹತ್ತಕ್ಕಿಂತ ಕಡಿಮೆ ಇದ್ದರೆ ಗ್ಲೇಸಿಯರ್ ಬಿಟ್ಟು ಬ್ಯಾನ್ಫ್, ಜಾಸ್ಪರ್ ಮಾತ್ರ ಮಾಡಿ. ಏಳೇ ದಿನ ಅಂದರೆ ಜಾಸ್ಪರ್ ಊರನ್ನೂ ಬಿಡಿ. ಲೇಕ್ ಲೂಯೀಸ್ ಸುತ್ತಮುತ್ತ ಮೂರು ರಾತ್ರಿ ಇದ್ದು, ಜಾಸ್ಪರ್ ದಾರಿಯಲ್ಲಿರುವ ಕೊಲಂಬಿಯಾ ಹಿಮರಾಶಿಯವರೆಗೆ ಒಂದು ದಿನ ಹೋಗಿ ಬನ್ನಿ. ನಾನು ಎಲ್ಲರಿಗೂ ಹೇಳುವ ಲೆಕ್ಕ ಇಷ್ಟೇ: ಬೆಟ್ಟದ ನಡುವೆ ಇರುವ ದಿನಗಳಲ್ಲಿ ದಿನಕ್ಕೆ 250 ಕಿಲೋಮೀಟರ್ ದಾಟಬಾರದು, ಪ್ರತಿ ಪಾರ್ಕ್ ಹತ್ತಿರವೂ ಕನಿಷ್ಠ ಎರಡು ರಾತ್ರಿ ಒಂದೇ ಕಡೆ ಮಲಗಬೇಕು. ಎರಡನೇ ಬೆಳಿಗ್ಗೆ ಎದ್ದಾಗ ಬ್ಯಾಗು ಕಟ್ಟುವ ಕೆಲಸ ಇರುವುದಿಲ್ಲ. ಅವತ್ತೇ ಕಣ್ಣು ಬೆಟ್ಟ ನೋಡಲು ಶುರು ಮಾಡುತ್ತದೆ. ಮೂರನೇ ಸಲ ಅಪ್ಪ ಲೇಕ್ ಲೂಯೀಸ್ ದಂಡೆಯ ಬೆಂಚಿನ ಮೇಲೆ ಎರಡು ಗಂಟೆ ಸುಮ್ನೆ ಕೂತಿದ್ದರು. ಮೊದಲ ಟ್ರಿಪ್‌ನಲ್ಲಿ ನಾವು ಅದೇ ಜಾಗಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದೆವು.

ಯಾವ ತಿಂಗಳು ಒಳ್ಳೆಯದು?

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನ್ ಮೊದಲ ವಾರ ಹೋದರೆ ಎತ್ತರದ ಕೆಲವು ಕೆರೆಗಳ ಮೇಲೆ ಇನ್ನೂ ಮಂಜುಗಡ್ಡೆ ಇರಬಹುದು. ಗ್ಲೇಸಿಯರ್ ಪಾರ್ಕಿನ ಎತ್ತರದ ರಸ್ತೆ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈನಲ್ಲಿ ಪೂರ್ತಿ ತೆರೆಯುತ್ತದೆ, ಅಕ್ಟೋಬರ್‌ನಲ್ಲಿ ಮುಚ್ಚುತ್ತದೆ. ನನ್ನ ಆಯ್ಕೆ ಸೆಪ್ಟೆಂಬರ್ ಮೊದಲ ಎರಡು ವಾರ. ಜನ ಕಡಿಮೆ, ಹೋಟೆಲ್ ದರ ಸ್ವಲ್ಪ ಇಳಿದಿರುತ್ತದೆ. ತಿಂಗಳ ಕೊನೆಗೆ ಲಾರ್ಚ್ ಮರಗಳು ಅರಿಶಿನ ಬಣ್ಣಕ್ಕೆ ತಿರುಗುತ್ತವೆ. ಆದರೆ ಶಾಲೆಗೆ ಹೋಗುವ ಮಕ್ಕಳಿದ್ದರೆ ಇದು ಆಗುವುದಿಲ್ಲ, ಅಲ್ವಾ? ಅವರಿಗೆ ಜುಲೈ.

ಚಳಿಗಾಲದಲ್ಲಿ ಈ ಸುತ್ತು ಬೇಡ. ಅಕ್ಟೋಬರ್ 1ರಿಂದ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಚಳಿಗಾಲದ ಟೈರು ಕಡ್ಡಾಯ.

ಭಾರತದ ಪಾಸ್‌ಪೋರ್ಟ್ ಇದೆ, ಅಮೆರಿಕದ ವೀಸಾ ಇದೆ. ಕೆನಡಾಕ್ಕೆ ಬೇರೆ ವೀಸಾ ಬೇಕಾ?

ಬೇಕು. ಕೆಲಸದ ಎಚ್-1ಬಿ, ಓದಿನ ಎಫ್-1, ಪ್ರವಾಸದ ಬಿ-2 ಯಾವುದೇ ಇರಲಿ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೆ ಬೇಡ. ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಲಿ. ಅಮೆರಿಕದ ಪೌರರಾಗಿ ಓಸಿಐ (ಭಾರತದ ಸಾಗರೋತ್ತರ ಪೌರ ಕಾರ್ಡ್) ಇಟ್ಟುಕೊಂಡಿರುವವರಿಗೂ ವೀಸಾ ಬೇಡ.

ವೀಸಾಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಒಮ್ಮೆ ಹೋಗಬೇಕು. ಕನಿಷ್ಠ ಮೂರು ನಾಲ್ಕು ತಿಂಗಳು ಮುಂಚೆ ಹಾಕಿ. ಹೋಟೆಲ್ ಬುಕ್ ಮಾಡಿ ಆಮೇಲೆ ವೀಸಾಗೆ ಕಾಯುವುದು ಬೇಡ.

ವಾಪಸ್ ಬರುವುದೂ ಅಷ್ಟೇ ಮುಖ್ಯ. ಎಚ್-1ಬಿಯವರ ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪಿಂಗ್ ಅವಧಿ ಮುಗಿದಿದ್ದರೂ, ಐ-94 (ಅಮೆರಿಕದಲ್ಲಿ ಯಾವ ದಿನದವರೆಗೆ ಇರಬಹುದು ಅನ್ನುವ ಪ್ರವೇಶ ದಾಖಲೆ) ಚಾಲ್ತಿಯಲ್ಲಿದ್ದರೆ, 30 ದಿನದೊಳಗೆ ಕೆನಡಾದಿಂದ ವಾಪಸ್ ಬರಲು ಅವಕಾಶ ಕೊಡುವ ನಿಯಮ ಒಂದಿದೆ. ಅದಕ್ಕೆ ಆಟೋಮ್ಯಾಟಿಕ್ ವೀಸಾ ರಿವ್ಯಾಲಿಡೇಷನ್ ಅನ್ನುತ್ತಾರೆ. ಆದರೆ ಕೆನಡಾದಲ್ಲಿದ್ದಾಗ ಹೊಸ ಅಮೆರಿಕ ವೀಸಾಗೆ ಅರ್ಜಿ ಹಾಕಿದರೆ ಆ ಅವಕಾಶ ಹೋಗುತ್ತದೆ. ಐ-94 ಪ್ರಿಂಟ್, ಎಚ್-1ಬಿ ಮಂಜೂರಾದ ಐ-797 ಕಾಗದ ಜೊತೆಗಿಟ್ಟುಕೊಳ್ಳಿ. ನಿಮ್ಮ ಕಂಪನಿಯ ವಕೀಲರನ್ನು ಒಮ್ಮೆ ಕೇಳಿಯೇ ಹೊರಡಿ. ಇದರಲ್ಲಿ ಗೆಳೆಯರ ಮಾತು ಸಾಲದು, ನನ್ನದೂ ಸಾಲದು.

ಊರಿಂದ ಬರುವ ಅಪ್ಪ ಅಮ್ಮನಿಗೆ?

ಅವರಿಗೂ ಕೆನಡಾ ವೀಸಾ ಬೇಕು. ಊರಲ್ಲಿ ಇರುವಾಗಲೇ ಮಾಡಿಸಿಕೊಂಡು ಬಂದರೆ ಸುಲಭ. ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದಾ ನೋಡಿಕೊಳ್ಳಿ. ಕೆನಡಾದಿಂದ ವಾಪಸ್ ಬಂದಾಗ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮೊದಲಿನ ಐ-94 ದಿನಾಂಕವೇ ಮುಂದುವರಿಯುತ್ತದೆ ಅಂದುಕೊಂಡೇ ಪ್ಲ್ಯಾನ್ ಮಾಡಿ.

ಮೆಡಿಕಲ್ ಇನ್ಶೂರೆನ್ಸ್ ಇನ್ನೊಂದು ಮಾತು. ಅಮೆರಿಕಕ್ಕೆ ಅಂತ ತೆಗೆದುಕೊಂಡ ಪಾಲಿಸಿ ಕೆನಡಾದಲ್ಲಿ ನಡೆಯುತ್ತದಾ? ಕೆಲವು ನಡೆಯುವುದಿಲ್ಲ. ಹೊರಡುವ ಮುಂಚೆ ಬರವಣಿಗೆಯಲ್ಲಿ ಕೇಳಿ. ಬಿಪಿ, ಶುಗರ್ ಮಾತ್ರೆಗಳನ್ನು ಚೀಟಿಯ ಸಮೇತ, ಅದರದೇ ಪ್ಯಾಕೆಟ್‌ನಲ್ಲಿ ಇಡಿ.

ಗಡಿಯಲ್ಲಿ ಏನು ಕೇಳುತ್ತಾರೆ?

ಎಲ್ಲಿಂದ ಬಂದಿರಿ, ಎಲ್ಲಿಗೆ, ಎಷ್ಟು ದಿನ, ಕಾರು ಯಾರದು, ತಿನ್ನುವ ಸಾಮಾನು ಏನಿದೆ. ಚಿಕ್ಕದಾಗಿ ನಿಜ ಹೇಳಿ. ಸಾಮಾನ್ಯವಾಗಿ ಕಾರಿನಲ್ಲಿ ಕೂತೇ ಮುಗಿಯುತ್ತದೆ. ಐ-94 ಕೆಲಸ ಇದ್ದರೆ ವಾಪಸ್ ಬರುವಾಗ ಒಳಗೆ ಕರೆಯುತ್ತಾರೆ, ಅದಕ್ಕೆ ಹೆದರಬೇಡಿ. ಗಾಂಜಾ ಕೆನಡಾದಲ್ಲೂ ವಾಷಿಂಗ್ಟನ್ ರಾಜ್ಯದಲ್ಲೂ ಕಾನೂನುಬದ್ಧ. ಆದರೆ ಅದನ್ನು ಗಡಿ ದಾಟಿಸುವುದು ಅಪರಾಧ. ಬೇರೆಯವರ ಬ್ಯಾಗಿನಲ್ಲಿ ಏನಿದೆ ಅಂತಲೂ ನೋಡಿಕೊಂಡು ಹೊರಡಿ.

ಪೀಸ್ ಆರ್ಚ್ ಅಂದರೆ 1921ರಲ್ಲಿ ಗಡಿಯ ಗೆರೆಯ ಮೇಲೇ ಕಟ್ಟಿದ ಬಿಳಿ ಕಮಾನು. ಸಾಲಿನಲ್ಲಿ ಕಾಯುವಾಗ ಮಕ್ಕಳಿಗೆ ತೋರಿಸಿ. ಅರ್ಧ ಕಮಾನು ಒಂದು ದೇಶದಲ್ಲಿ, ಇನ್ನರ್ಧ ಇನ್ನೊಂದರಲ್ಲಿ.

ಅಡುಗೆ ಸಾಮಾನು ತಗೊಂಡು ಹೋಗಬಹುದಾ? ಕರಿಬೇವು?

ಅಕ್ಕಿ, ಬೇಳೆ, ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ ಇದಕ್ಕೆಲ್ಲ ನಮಗೆ ಯಾವತ್ತೂ ತೊಂದರೆ ಆಗಿಲ್ಲ. ಆದರೆ ಇದೆ ಅಂತ ಹೇಳಬೇಕು. ಹೇಳಿದರೆ ಹೆಚ್ಚೆಂದರೆ ಸಾಮಾನು ಹೋಗುತ್ತದೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಕರಿಬೇವು ಮಾತ್ರ ಬೇಡವೇ ಬೇಡ. ಅಮೆರಿಕದೊಳಗೆ ಹಸಿ ಕರಿಬೇವು ತರುವಂತಿಲ್ಲ. ಅದು ಕಿತ್ತಳೆ, ನಿಂಬೆಯ ಕುಟುಂಬಕ್ಕೆ ಸೇರಿದ ಗಿಡ. ಅದರ ಮೇಲೆ ಬದುಕುವ ಒಂದು ಸಣ್ಣ ಕೀಟ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ. ನಮ್ಮಮ್ಮ ಕ್ಯಾಲ್ಗರಿಯಲ್ಲಿ ಕೊಂಡ ಒಂದು ಕಟ್ಟು ಕರಿಬೇವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪು ಡಬ್ಬಿಯಲ್ಲಿ ಇಟ್ಟಿದ್ದರು. ಗಡಿಯಲ್ಲಿ ಅಮ್ಮ ತಾನಾಗಿಯೇ "ಇದೂ ಇದೆ" ಅಂತ ಎತ್ತಿ ತೋರಿಸಿದರು. ಅಧಿಕಾರಿ ನಗುತ್ತಲೇ ತೆಗೆದುಕೊಂಡು ಕಾರಣ ವಿವರಿಸಿದರು. ಅಡಿಕೆ ತೋಟದ ರೋಗ ನೋಡಿ ನೊಂದಿದ್ದ ಅಪ್ಪನಿಗೆ ಅದು ತಕ್ಷಣ ಅರ್ಥವಾಯಿತು. "ಸರಿಯಾಗೇ ಮಾಡ್ತಾರೆ ಬಿಡು" ಅಂದರು.

ಹಣ್ಣು, ತರಕಾರಿಯ ನಿಯಮ ಬದಲಾಗುತ್ತಿರುತ್ತದೆ. ಗಡಿಗೆ ಮುಂಚೆ ತಿಂದು ಮುಗಿಸುವುದು ಸುಲಭ. ಕುಕ್ಕರ್, ಇಂಡಕ್ಷನ್ ಒಲೆಗೆ ಚಿಂತೆ ಇಲ್ಲ. ಎರಡೂ ದೇಶದಲ್ಲಿ ಒಂದೇ ಪ್ಲಗ್ಗು, ಒಂದೇ ವೋಲ್ಟೇಜು.

ಬಾಡಿಗೆ ಕಾರು ಗಡಿ ದಾಟಬಹುದಾ?

ಬಹಳಷ್ಟು ಕಂಪನಿಗಳು ಬಿಡುತ್ತವೆ. ಆದರೆ ಬುಕ್ ಮಾಡುವಾಗಲೇ ಕೆನಡಾಕ್ಕೆ ಹೋಗುತ್ತೇವೆ ಅಂತ ಹೇಳಿ, ಕೌಂಟರ್‌ನಲ್ಲಿ ಅದರ ಕಾಗದ ಮತ್ತು ಇನ್ಶೂರೆನ್ಸ್ ಚೀಟಿ ಕೇಳಿ ತೆಗೆದುಕೊಳ್ಳಿ. ನಮ್ಮ ಎರಡನೇ ಟ್ರಿಪ್‌ನಲ್ಲಿ ಒಂದು ಕಂಪನಿಯವರು ಫೋನಿನಲ್ಲಿ "ಆಗುತ್ತೆ" ಅಂದಿದ್ದರು. ಬೆಳಿಗ್ಗೆ ಹೋದಾಗ "ಈ ಕಾರು ಹೊರಗೆ ಕಳಿಸಲ್ಲ" ಅಂದರು. ಮಗು ಎತ್ತಿಕೊಂಡು ಮೂರು ಗಂಟೆ ಕಾದೆವು. ಫೋನಿನ ಮಾತನ್ನು ನಂಬಬೇಡಿ, ಇಮೇಲ್ ಕೇಳಿ.

ಸ್ವಂತ ಕಾರಾದರೆ ನಿಮ್ಮ ಇನ್ಶೂರೆನ್ಸ್ ಕಂಪನಿಯಿಂದ ಕೆನಡಾದ ಇನ್ಶೂರೆನ್ಸ್ ಕಾರ್ಡ್ ತರಿಸಿಕೊಳ್ಳಿ. ಕೇಳಿದರೆ ಸಾಮಾನ್ಯವಾಗಿ ದುಡ್ಡಿಲ್ಲದೆ ಕೊಡುತ್ತಾರೆ.

ಬೆಟ್ಟದ ರಸ್ತೆ ಓಡಿಸುವುದು ಕಷ್ಟವಾ?

ಚಾರ್ಮಾಡಿ, ಶಿರಾಡಿ ಓಡಿಸಿದವರಿಗೆ ಏನೂ ಅಲ್ಲ. ರಸ್ತೆ ಅಗಲ, ತಿರುವು ನಿಧಾನ. ಕಷ್ಟ ಬೇರೆ ಕಡೆ ಇದೆ. ರಸ್ತೆ ಅಷ್ಟು ಚೆನ್ನಾಗಿರುವುದರಿಂದ ನಿದ್ದೆ ಬರುತ್ತದೆ. ವೇಗವೂ ಗೊತ್ತಾಗುವುದಿಲ್ಲ. ಕೆನಡಾದಲ್ಲಿ ಬೋರ್ಡುಗಳು ಕಿಲೋಮೀಟರ್‌ನಲ್ಲಿವೆ, ಅಮೆರಿಕದ ಕಾರಿನ ಮೀಟರ್ ಮೈಲಿಯಲ್ಲಿ. ಬೋರ್ಡಿನಲ್ಲಿ 90 ಅಂದರೆ ನಿಮ್ಮ ಮೀಟರ್‌ನಲ್ಲಿ 56. ಗಡಿ ದಾಟಿದ ಮೊದಲ ಹತ್ತು ನಿಮಿಷದಲ್ಲಿ ಪಕ್ಕದಲ್ಲಿ ಕೂತವರು ಇದನ್ನು ನೆನಪಿಸಬೇಕು. ಹೋಪ್‌ನಿಂದ ಮೇಲೆ ಹೋಗುವ ಕೋಕಿಹಾಲಾ ಹೆದ್ದಾರಿಯಲ್ಲಿ ಮಾತ್ರ ಕೆಲವು ಕಡೆ 120ರವರೆಗೆ ಬಿಡುತ್ತಾರೆ. ಅದು ಉದ್ದದ ಏರು, ಉದ್ದದ ಇಳಿಜಾರು. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ, ಗೇರ್ ಇಳಿಸಿ.

ವ್ಯಾಂಕೂವರ್‌ನಲ್ಲಿ ಎಷ್ಟು ಹೊತ್ತು?

ಒಂದು ರಾತ್ರಿ, ಒಂದೂವರೆ ದಿನ. ಸ್ಟ್ಯಾನ್ಲಿ ಪಾರ್ಕಿನ ಸಮುದ್ರದ ಗೋಡೆಯ ಮೇಲೆ ನಡೆಯಿರಿ. ಅಲ್ಲಿಂದ ಹತ್ತಿರದ ಕೋಲ್ ಹಾರ್ಬರ್‌ನಲ್ಲಿ ಕೋಮಗಾಟ ಮಾರು ಸ್ಮಾರಕ ಇದೆ. ದಯವಿಟ್ಟು ಅಲ್ಲಿ ಐದು ನಿಮಿಷ ನಿಲ್ಲಿ. 1914ರ ಮೇ 23ರಂದು 376 ಜನರನ್ನು ಹೊತ್ತ ಆ ಹಡಗು ಇಲ್ಲಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಬೆರಳೆಣಿಕೆಯ ಜನರನ್ನು ಮಾತ್ರ ಇಳಿಸಿಕೊಂಡು, ಉಳಿದವರನ್ನೆಲ್ಲ ವಾಪಸ್ ಕಳಿಸಿದರು. ಇವತ್ತು ನಾವು ಪಾಸ್‌ಪೋರ್ಟ್ ತೋರಿಸಿ ಐದು ನಿಮಿಷದಲ್ಲಿ ಒಳಗೆ ಬರುತ್ತೇವೆ. ಅಮ್ಮ ಅಲ್ಲಿ ಕೆತ್ತಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದರು.

ಪೂರ್ವಕ್ಕೆ ಹೊರಟಾಗ ಆಬಟ್ಸ್‌ಫರ್ಡ್ ಸಿಗುತ್ತದೆ. ಅಲ್ಲಿ 1911ರ ಮರದ ಗುರುದ್ವಾರ ಇನ್ನೂ ನಿಂತಿದೆ. ಉತ್ತರ ಅಮೆರಿಕದಲ್ಲಿ ಉಳಿದಿರುವ ಅತಿ ಹಳೆಯದು ಅದೇ.

ವ್ಯಾಂಕೂವರ್‌ನಿಂದ ಲೇಕ್ ಲೂಯೀಸ್‌ಗೆ ಒಂದೇ ದಿನ ಓಡಿಸೋಣವಾ?

ಸುಮಾರು 800 ಕಿಲೋಮೀಟರ್. ಬೇಡ, ರೆವೆಲ್‌ಸ್ಟೋಕ್‌ನಲ್ಲಿ ಮಲಗಿ. ಅದಕ್ಕೆ ಸ್ವಲ್ಪ ಮುಂಚೆ ಕ್ರೇಗೆಲಾಚಿ ಅಂತ ಜಾಗ. 1885ರ ನವೆಂಬರ್ 7ರಂದು ಕೆನಡಾದ ಪೂರ್ವ ಪಶ್ಚಿಮವನ್ನು ಕೂಡಿಸಿದ ರೈಲು ಹಳಿಯ ಕೊನೆಯ ಮೊಳೆ ಹೊಡೆದದ್ದು ಅಲ್ಲೇ. ಹೆದ್ದಾರಿಯ ಪಕ್ಕದಲ್ಲೇ ಇದೆ, ಹತ್ತು ನಿಮಿಷ ಸಾಕು.

ಮರುದಿನ ರೋಜರ್ಸ್ ಪಾಸ್ ಅನ್ನುವ ಘಾಟಿ ದಾಟುತ್ತೀರಿ. ಅಲ್ಲಿನ ಹಿಮಕುಸಿತ ಬಹಳ ಕ್ರೂರ. 1910ರಲ್ಲಿ ಹಳಿ ಮೇಲೆ ಬಿದ್ದ ಹಿಮ ತೆಗೆಯುತ್ತಿದ್ದ 58 ಕೆಲಸಗಾರರು ಇನ್ನೊಂದು ಕುಸಿತದಲ್ಲಿ ಸತ್ತರು. ಮುಂದೆ ರೈಲನ್ನು ಸುರಂಗದೊಳಗೆ ಇಳಿಸಿದರು. ಹೆದ್ದಾರಿ ಬಂದದ್ದು 1962ರಲ್ಲಿ.

ಯೋಹೋದಲ್ಲಿ ಟಕಾಕಾ ಜಲಪಾತ ಬಿಡಬೇಡಿ. ಜೋಗ ನೋಡಿದವರಿಗೆ ಇದರಲ್ಲಿ ಒಂದು ವಿಶೇಷ ಇದೆ. ಇದರ ದೊಡ್ಡ ಧುಮುಕು 254 ಮೀಟರ್, ನಮ್ಮ ಜೋಗ 253. ಎತ್ತರ ಒಂದೇ, ನೀರಿನ ಮೂಲ ಮಾತ್ರ ಬೇರೆ. ಜೋಗಕ್ಕೆ ಮಳೆಗಾಲ ಬೇಕು. ಇದು ಮೇಲಿನ ಹಿಮನದಿ ಕರಗಿ ಬರುವ ನೀರು, ಹಾಗಾಗಿ ಬಿಸಿಲು ಜೋರಾದಷ್ಟೂ ತುಂಬಿ ಬೀಳುತ್ತದೆ. ಅಲ್ಲಿಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಬಿಗಿ ತಿರುವುಗಳಿವೆ, ನಿಧಾನ.

ಗ್ಲೇಸಿಯರ್ ಪಾರ್ಕ್ ಕೆನಡಾದಲ್ಲಿದೆಯಾ, ಅಮೆರಿಕದಲ್ಲಿದೆಯಾ?

ಎರಡೂ ಕಡೆ ಇದೆ! ರೋಜರ್ಸ್ ಪಾಸ್ ಇರುವುದು ಕೆನಡಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನಲ್ಲಿ, 1886ರದ್ದು. ಮೊಂಟಾನಾದ್ದು 1910ರದ್ದು. ಹೋಟೆಲ್ ಬುಕ್ ಮಾಡುವಾಗ, ಮ್ಯಾಪ್‌ನಲ್ಲಿ ಹಾಕುವಾಗ ರಾಜ್ಯದ ಹೆಸರು ಸೇರಿಸಿ.

ಲೇಕ್ ಲೂಯೀಸ್ ಹತ್ತಿರದ ಮೊರೇನ್ ಲೇಕ್‌ಗೆ ಕಾರಿನಲ್ಲಿ ಹೋಗಬಹುದಾ?

ಇಲ್ಲ. 2023ರಿಂದ ಸ್ವಂತ ಕಾರುಗಳನ್ನು ಬಿಡುವುದಿಲ್ಲ. ಪಾರ್ಕ್ಸ್ ಕೆನಡಾದ ಬಸ್ಸಿಗೆ ಮೊದಲೇ ಬುಕ್ ಮಾಡಬೇಕು. ಸ್ವಲ್ಪ ಸೀಟುಗಳನ್ನು ವಸಂತದಲ್ಲಿ ಬಿಡುತ್ತಾರೆ, ಉಳಿದದ್ದನ್ನು ಹೋಗುವ ದಿನಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ 8 ಗಂಟೆಗೆ, ಆಲ್ಬರ್ಟಾ ಸಮಯ. ಸಿಯಾಟಲ್‌ನಲ್ಲಿ ಕೂತು ಬುಕ್ ಮಾಡುವವರಿಗೆ ಅದು ಬೆಳಿಗ್ಗೆ 7. ಅಲಾರಂ ಇಟ್ಟುಕೊಳ್ಳಿ. ಕಾರು ಬಿಡದ ಮೇಲೆ ಆ ಜಾಗ ಎಷ್ಟೋ ಶಾಂತವಾಗಿದೆ.

ಆ ಕೆರೆಗಳಿಗೆ ಆ ನೀಲಿ-ಹಸಿರು ಬಣ್ಣ ಹೇಗೆ ಬರುತ್ತದೆ? ಫೋಟೋದಲ್ಲಿ ಮಾತ್ರವಾ?

ನಿಜವಾದ ಬಣ್ಣವೇ. ಹಿಮನದಿ ಚಲಿಸುವಾಗ ಕೆಳಗಿನ ಬಂಡೆಯನ್ನು ಬೀಸುಕಲ್ಲಿನ ಹಾಗೆ ಅರೆಯುತ್ತದೆ. ಹಿಟ್ಟಿನಷ್ಟು ನಯವಾದ ಆ ಪುಡಿ ಕರಗಿದ ನೀರಿನ ಜೊತೆ ಕೆರೆಗೆ ಬಂದು, ಮುಳುಗದೆ ತೇಲುತ್ತಾ ಬಿಸಿಲಿನ ನೀಲಿ, ಹಸಿರನ್ನು ಚೆದುರಿಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕರಗುವುದು ಜಾಸ್ತಿ, ಬಣ್ಣವೂ ಗಾಢ. ಬಿಸಿಲು ಮೇಲೇರಿದ ಮೇಲೆ, ಎತ್ತರದಿಂದ ನೋಡಿದರೆ ಇನ್ನೂ ಚೆಂದ. ಜಾಸ್ಪರ್ ದಾರಿಯ ಪೇಟೋ ಕೆರೆಗೆ ಅದಕ್ಕೇ ಮಧ್ಯಾಹ್ನದ ಹೊತ್ತಿಗೆ ಹೋಗಿ.

ಐಸ್‌ಫೀಲ್ಡ್ಸ್ ಪಾರ್ಕ್‌ವೇಗೆ ಅರ್ಧ ದಿನ ಸಾಕಾ?

ಲೇಕ್ ಲೂಯೀಸ್‌ನಿಂದ ಜಾಸ್ಪರ್‌ಗೆ ಹೋಗುವ ರಸ್ತೆ ಇದು, 232 ಕಿಲೋಮೀಟರ್. ನಿಲ್ಲದೆ ಓಡಿಸಿದರೆ ಮೂರು ಗಂಟೆ. ಹಾಗೆ ಓಡಿಸಬೇಡಿ. ಇಡೀ ಟ್ರಿಪ್‌ನಲ್ಲಿ ಒಂದೇ ಒಂದು ದಿನವನ್ನು ಪೂರ್ತಿ ಖಾಲಿ ಬಿಡಲು ಸಾಧ್ಯವಾದರೆ ಅದನ್ನು ಈ ರಸ್ತೆಗೆ ಕೊಡಿ. ಬೋ ಕೆರೆ, ಪೇಟೋ ಕೆರೆ, ಹಿಮರಾಶಿ, ಸನ್‌ವಾಪ್ಟಾ, ಆಥಬಾಸ್ಕಾ ಜಲಪಾತಗಳು. ಇವೆಲ್ಲ ರಸ್ತೆಗೆ ಹತ್ತಿರ. ನಡುವೆ ಹೆಸರಿಲ್ಲದ ಎಷ್ಟೋ ತಿರುವುಗಳಲ್ಲಿ ಕಾರು ನಿಲ್ಲಿಸಬೇಕು ಅನಿಸುತ್ತದೆ. ನಿಲ್ಲಿಸಿ.

ಕೊಲಂಬಿಯಾ ಹಿಮರಾಶಿಯ ನೀರು ಮೂರು ಸಾಗರಕ್ಕೆ ಹೋಗುತ್ತದೆ. ಪೆಸಿಫಿಕ್, ಆರ್ಕ್‌ಟಿಕ್, ಹಡ್ಸನ್ ಕೊಲ್ಲಿಯ ಮೂಲಕ ಅಟ್ಲಾಂಟಿಕ್. ಅದರಿಂದ ಇಳಿಯುವ ಆಥಬಾಸ್ಕಾ ಹಿಮನದಿಯ ಬುಡಕ್ಕೆ ನಡೆದು ಹೋಗುವ ದಾರಿಯಲ್ಲಿ ಇಸವಿ ಬರೆದ ಗುರುತುಗಳಿವೆ. ಆ ವರ್ಷ ಮಂಜು ಇಲ್ಲಿಯವರೆಗೆ ಇತ್ತು ಅಂತ. ಕಳೆದ ಸುಮಾರು 125 ವರ್ಷದಲ್ಲಿ ಅದು ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಹಿಂದೆ ಸರಿದಿದೆ. ನಾನು ಹುಟ್ಟಿದ ವರ್ಷದ ಸುಮಾರಿನ ಗುರುತಿನಿಂದ ಮಂಜಿನವರೆಗೆ ನಡೆಯುವಾಗ ಎದೆ ಭಾರವಾಯಿತು. ಮಗಳು ದೊಡ್ಡವಳಾಗಿ ಬಂದಾಗ ಇನ್ನೆಷ್ಟು ದೂರ ನಡೆಯಬೇಕೋ. ಇದನ್ನು ಮಕ್ಕಳಿಗೆ ತೋರಿಸಲೆಂದೇ ಹೋಗಿ ಅನ್ನುತ್ತೇನೆ. ಹಗ್ಗ ಕಟ್ಟಿದ ಜಾಗ ದಾಟಬೇಡಿ. ಮಂಜಿನ ಬಿರುಕಿನಲ್ಲಿ ಬಿದ್ದು ಜನ ಸತ್ತಿದ್ದಾರೆ.

ಈ ದಾರಿಯಲ್ಲಿ ಫೋನ್ ಸಿಗ್ನಲ್ ಬಹುಪಾಲು ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ನಡುವೆ ಪೆಟ್ರೋಲ್ ಸಿಗುವುದು ಸಸ್ಕ್ಯಾಚುವನ್ ಕ್ರಾಸಿಂಗ್‌ನಲ್ಲಿ ಮಾತ್ರ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಲೇಕ್ ಲೂಯೀಸ್‌ನಲ್ಲೇ ಟ್ಯಾಂಕ್ ತುಂಬಿಸಿ. ಬುತ್ತಿ ಕಟ್ಟಿಕೊಳ್ಳಿ.

ಜಾಸ್ಪರ್ ಸುಟ್ಟುಹೋಯಿತಲ್ಲ, ಈಗ ಹೋಗಬೇಕಾ?

ಹೋಗಬೇಕು. 2024ರ ಜುಲೈನಲ್ಲಿ ಕಾಡ್ಗಿಚ್ಚು ಊರಿಗೆ ನುಗ್ಗಿ ಸುಮಾರು ಮೂರನೇ ಒಂದು ಭಾಗ ಕಟ್ಟಡಗಳನ್ನು ಸುಟ್ಟಿತು. ದಾರಿಯುದ್ದಕ್ಕೂ ಕಪ್ಪು ಮರಗಳು ಕಾಣುತ್ತವೆ. ಆದರೆ ಊರು ಬದುಕುತ್ತಿದೆ, ಪ್ರವಾಸಿಗರಿಂದಲೇ ಬದುಕುತ್ತಿದೆ. ಅಲ್ಲಿ ರಾತ್ರಿ ಉಳಿದು, ಅಲ್ಲಿಯ ಅಂಗಡಿಯಲ್ಲೇ ಊಟ ಮಾಡಿ. ಸುಟ್ಟ ಮನೆಗಳ ಜಾಗದಲ್ಲಿ ನಿಂತು ಫೋಟೋ ತೆಗೆಯಬೇಡಿ. ಅದು ಯಾರದೋ ಅಡುಗೆಮನೆ ಇದ್ದ ಜಾಗ.

ಹೊಗೆ ಬಂದರೆ ಏನು ಮಾಡುವುದು?

ಆಗಸ್ಟ್‌ನಲ್ಲಿ ಹೊಗೆ ಬರುವುದು ಈಗ ಮಾಮೂಲಿ. ಹಣ ವಾಪಸ್ ಸಿಗುವಂಥ ಬುಕಿಂಗ್ ಮಾಡಿ. ಬೆಳಿಗ್ಗೆ ಹೊರಡುವ ಮುಂಚೆ ರಸ್ತೆ ಸ್ಥಿತಿ ತಿಳಿಸುವ ಡ್ರೈವ್‌ಬಿಸಿ ಮತ್ತು 511 ಆಲ್ಬರ್ಟಾ ತಾಣಗಳನ್ನು ನೋಡಿ. ಎನ್-95 ಮಾಸ್ಕ್ ಇಟ್ಟುಕೊಳ್ಳಿ. ಉಬ್ಬಸ ಇರುವವರು ಜೊತೆಗಿದ್ದರೆ ಹೊಗೆಯ ದಿನ ಕ್ಯಾಲ್ಗರಿ ಕಡೆಗೆ ಇಳಿಯಿರಿ, ಹಟ ಬೇಡ.

ಕರಡಿ ಕಾಣುತ್ತದಾ? ಹೆದರಬೇಕಾ?

ಕಾಣಬಹುದು. ನಮಗೆ ಮೂರು ಟ್ರಿಪ್‌ನಲ್ಲಿ ನಾಲ್ಕು ಸಲ ಕಂಡಿದೆ, ಎಲ್ಲವೂ ರಸ್ತೆ ಪಕ್ಕ. ಕೆನಡಾದಲ್ಲಿ ಕರಡಿ, ತೋಳದಿಂದ 100 ಮೀಟರ್, ಎಲ್ಕ್ ಜಿಂಕೆಗಳಿಂದ 30 ಮೀಟರ್ ದೂರ ಇರಬೇಕು. ಕಾರಿನಿಂದ ಇಳಿಯಬೇಡಿ. ನಡೆದು ಹೋಗುವಾಗ ಗುಂಪಾಗಿ, ಮಾತಾಡುತ್ತಾ ಹೋಗಿ. ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ಸೊಂಟದಲ್ಲಿರಲಿ, ಬ್ಯಾಗಿನ ತಳದಲ್ಲಿ ಅಲ್ಲ. ಅದನ್ನು ಗಡಿ ದಾಟಿಸುವಾಗ ಇದೆ ಅಂತ ಹೇಳಿ. ಮನುಷ್ಯರ ಮೇಲೆ ಹೊಡೆಯುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷೇಧ.

ನಮ್ಮವರಿಗೆ ಇನ್ನೊಂದು ಮಾತು. ಕ್ಯಾಂಪ್‌ನಲ್ಲಿ ಒಗ್ಗರಣೆ ಹಾಕಿದರೆ ಆ ವಾಸನೆ ಬಹಳ ದೂರ ಹೋಗುತ್ತದೆ. ಪಾತ್ರೆ, ಎಣ್ಣೆ, ಹುಳಿ ಉಳಿದ ಡಬ್ಬಿ, ಟೂತ್‌ಪೇಸ್ಟ್ ಕೂಡ, ಎಲ್ಲ ಕಾರಿನ ಡಿಕ್ಕಿಯಲ್ಲಿ ಅಥವಾ ಅಲ್ಲಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ನಾವು ಬಿಟ್ಟ ಒಂದು ಪಾತ್ರೆಯಿಂದ ಹಾಗಾಗಬಾರದು.

ಬ್ಯಾನ್ಫ್ ಹೆದ್ದಾರಿಯ ಮೇಲೆ ಹುಲ್ಲು, ಗಿಡ ಬೆಳೆದ ಸೇತುವೆಗಳು ಕಾಣುತ್ತವೆ. ಅವು ಪ್ರಾಣಿಗಳಿಗೆ ಮಾಡಿದ್ದು. ಬೇಲಿ ಮತ್ತು ಈ ದಾಟುದಾರಿಗಳಿಂದ ಅಲ್ಲಿ ಪ್ರಾಣಿಗಳಿಗೆ ವಾಹನ ಡಿಕ್ಕಿ ಹೊಡೆಯುವುದು ಶೇಕಡಾ 80ಕ್ಕಿಂತ ಹೆಚ್ಚು ಕಡಿಮೆಯಾಗಿದೆ. ಬಂಡೀಪುರದ ರಸ್ತೆಯ ಜಗಳ ನೋಡಿದ ನಮಗೆ ಇದು ನೋಡಲೇಬೇಕಾದದ್ದು.

ವಯಸ್ಸಾದವರಿಗೆ ಎತ್ತರ, ನಡಿಗೆ ಕಷ್ಟವಾಗುತ್ತದಾ?

ಎತ್ತರದ ಭಯ ಬೇಡ. ಈ ದಾರಿಯ ಅತಿ ಎತ್ತರದ ರಸ್ತೆ 2,100 ಮೀಟರ್ ಒಳಗೇ ಇದೆ. ಮುಳ್ಳಯ್ಯನಗಿರಿಯೇ 1,930. ಕಷ್ಟ ಕೊಡುವುದು ಚಳಿ. ಜುಲೈನಲ್ಲೂ ಬೆಳಿಗ್ಗೆ ಸ್ವೆಟರ್, ಟೊಪ್ಪಿ, ಕಾಲುಚೀಲ ಬೇಕು. ಹೆಚ್ಚು ನಡೆಯದೆ ನೋಡಬಹುದಾದದ್ದು ಬೇಕಾದಷ್ಟಿದೆ: ಲೇಕ್ ಲೂಯೀಸ್ ದಂಡೆ, ಎಮರಾಲ್ಡ್ ಕೆರೆ, ಬ್ಯಾನ್ಫ್‌ನ ರೋಪ್‌ವೇ. ಪೇಟೋ ಕೆರೆಗೆ ಸ್ವಲ್ಪ ಏರು ಇದೆ, ಮಂಡಿ ನೋವಿದ್ದರೆ ನಿಧಾನ. ಎರಡು ಗಂಟೆಗೊಮ್ಮೆ ಶೌಚಾಲಯ ಸಿಗುವ ಹಾಗೆ ದಾರಿ ಜೋಡಿಸಿ. ಇದನ್ನು ಅವರು ತಾವಾಗಿ ಕೇಳುವುದಿಲ್ಲ. ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ನಾವೇ ಗಮನಿಸಬೇಕು.

ಪಾರ್ಕ್ ಪಾಸ್ ಯಾವುದು ತೆಗೆದುಕೊಳ್ಳಬೇಕು?

ಕೆನಡಾದಲ್ಲಿ ಒಂದು ವಾರಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಯ ವರ್ಷದ ಪಾಸ್ ಆದ ಡಿಸ್ಕವರಿ ಪಾಸ್‌ನ ಲೆಕ್ಕ ಹಾಕಿ ನೋಡಿ. ಕುಟುಂಬದ ಪಾಸ್ ಒಂದು ಕಾರಿನಲ್ಲಿ ಏಳು ಜನರವರೆಗೆ ಸಾಕು. ಅಮೆರಿಕದ ಕಡೆ ವರ್ಷದ ಪಾಸ್ 80 ಡಾಲರ್. 2026ರಿಂದ ಅಮೆರಿಕದಲ್ಲಿ ವಾಸ ಇಲ್ಲದವರಿಗೆ ಅದು 250 ಡಾಲರ್ ಆಗಿದೆ, ಮತ್ತು ಗ್ಲೇಸಿಯರ್ ಸೇರಿ 11 ಪಾರ್ಕ್‌ಗಳಲ್ಲಿ ಅವರಿಗೆ ಹೆಚ್ಚುವರಿ ಶುಲ್ಕವಿದೆ. ಊರಿಂದ ಬಂದವರು ಜೊತೆಗಿದ್ದರೆ ಹೊರಡುವ ಮುಂಚೆ ನಿಯಮ ಓದಿ.

ಸಸ್ಯಾಹಾರ ಸಿಗುತ್ತದಾ?

ವ್ಯಾಂಕೂವರ್, ಸರ್ರಿ, ಕ್ಯಾಲ್ಗರಿಯಲ್ಲಿ ದೋಸೆಯೂ ಸಿಗುತ್ತದೆ. ಬೆಟ್ಟದ ಊರುಗಳಲ್ಲಿ ಪಿಜ್ಜಾ, ಪಾಸ್ತಾ, ಅಲ್ಲಲ್ಲಿ ಪಂಜಾಬಿ ಹೋಟೆಲು. ಪುಟೀನ್ ಅಂತ ಆಲೂಗಡ್ಡೆ, ಚೀಸ್‌ನ ತಿಂಡಿ ಎಲ್ಲೆಡೆ ಇದೆ. ಆದರೆ ಅದರ ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು, ಕೇಳಿ ತೆಗೆದುಕೊಳ್ಳಿ. ಅಡುಗೆಮನೆ ಇರುವ ರೂಮು ಹಿಡಿದರೆ ರಾತ್ರಿ ಅನ್ನ ಸಾರು ಆಗುತ್ತದೆ. ಎಂಟು ಗಂಟೆ ತಿರುಗಿದ ಮೇಲೆ ಅಪ್ಪನಿಗೆ ಬೇಕಾಗಿದ್ದದ್ದು ಅದೊಂದೇ.

ಕ್ಯಾಲ್ಗರಿಯಲ್ಲಿ ನಿಲ್ಲಬೇಕಾ?

ಒಂದು ರಾತ್ರಿ. ಬಟ್ಟೆ ಒಗೆಯಲು, ಸಾಮಾನು ತುಂಬಿಸಲು. ಜುಲೈ ಮೊದಲರ್ಧದಲ್ಲಿ ಸ್ಟ್ಯಾಂಪೀಡ್ ಉತ್ಸವ ಇರುತ್ತದೆ, ಆಗ ರೂಮಿನ ದರ ಬಹಳ ಏರುತ್ತದೆ.

ವಾಟರ್‌ಟನ್‌ನಿಂದ ಮೊಂಟಾನಾಗೆ ಯಾವ ಗಡಿ?

ಚೀಫ್ ಮೌಂಟನ್ ಗಡಿ ಹತ್ತಿರ, ಆದರೆ ಅದು ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ, ಅದೂ ಹಗಲಿನಲ್ಲಿ. ತಡವಾದರೆ ಕಾರ್‌ವೇ ಕಡೆಯಿಂದ ಹೋಗಿ, ಅದೂ ಇಡೀ ರಾತ್ರಿ ತೆರೆದಿರುವುದಿಲ್ಲ. ವಾಟರ್‌ಟನ್ ಮತ್ತು ಗ್ಲೇಸಿಯರ್ ಎರಡನ್ನೂ ಸೇರಿಸಿ 1932ರಲ್ಲಿ ಶಾಂತಿ ಉದ್ಯಾನ ಅಂತ ಘೋಷಿಸಿದರು. ಎರಡು ದೇಶ ಸೇರಿ ಹಾಗೆ ಮಾಡಿದ್ದು ಪ್ರಪಂಚದಲ್ಲೇ ಮೊದಲು.

ಗೋಯಿಂಗ್-ಟು-ದ-ಸನ್ ರಸ್ತೆ ಭಯ ಹುಟ್ಟಿಸುತ್ತದಾ?

ಸ್ವಲ್ಪ. ಸುಮಾರು 80 ಕಿಲೋಮೀಟರ್, ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದ ಇಕ್ಕಟ್ಟಾದ ರಸ್ತೆ. 1933ರಲ್ಲಿ ಉದ್ಘಾಟನೆಯಾಯಿತು. ತುದಿಯಲ್ಲಿ 2,025 ಮೀಟರ್ ಎತ್ತರದ ಲೋಗನ್ ಪಾಸ್. 21 ಅಡಿಗಿಂತ ಉದ್ದದ ವಾಹನವನ್ನು ಮೇಲಕ್ಕೆ ಬಿಡುವುದಿಲ್ಲ. ಪೂರ್ವದ ಸೇಂಟ್ ಮೇರಿಯಿಂದ ಹೊರಟರೆ ಇಳಿಯುವಾಗ ಬೆಟ್ಟದ ಗೋಡೆ ನಿಮ್ಮ ಕಡೆಗೆ ಇರುತ್ತದೆ, ಪ್ರಪಾತ ಎದುರು ಬರುವ ವಾಹನಗಳ ಕಡೆಗೆ. ಹೆದರುವವರನ್ನು ಬಲಗಡೆ ಸೀಟಿನಲ್ಲಿ ಕೂರಿಸಿ. ಬೆಳಿಗ್ಗೆ ಏಳಕ್ಕೆ ಮುಂಚೆ ಲೋಗನ್ ಪಾಸ್ ತಲುಪಿದರೆ ಪಾರ್ಕಿಂಗ್ ಸಿಗುತ್ತದೆ, ಬೆಟ್ಟದ ಆಡುಗಳೂ ಕಾಣಬಹುದು. ಪ್ರವೇಶ, ಪಾರ್ಕಿಂಗ್ ನಿಯಮ ವರ್ಷ ವರ್ಷಕ್ಕೆ ಬದಲಾಗುತ್ತದೆ, ಪಾರ್ಕಿನ ಪುಟ ನೋಡಿ.

ಕೊನೆಯ ದಿನ ಸ್ಪೋಕೇನ್‌ನಿಂದ ಸಿಯಾಟಲ್, ನಡುವೆ ನೋಡುವಂಥದ್ದು ಏನಾದರೂ ಇದೆಯಾ?

ಸುಮಾರು 450 ಕಿಲೋಮೀಟರ್, ಗೋಧಿ ಹೊಲ, ಒಣ ನೆಲ. ಮಕ್ಕಳು ಮಲಗುತ್ತಾರೆ. ಆದರೆ ವಾಂಟೇಜ್ ಬಂದಾಗ ಎಬ್ಬಿಸಿ. ಅಲ್ಲಿ ಸೇತುವೆಯ ಕೆಳಗೆ ಹರಿಯುವುದು ಕೊಲಂಬಿಯಾ ನದಿ. ಗೋಲ್ಡನ್‌ನಲ್ಲಿ ಕಂಡದ್ದು, ರೆವೆಲ್‌ಸ್ಟೋಕ್‌ನಲ್ಲಿ ದಾಟಿದ್ದು ಇದೇ ನೀರು. ಅದೂ ನಿಮ್ಮ ಹಾಗೆ ಬೆಟ್ಟ ಇಳಿದು ಗಡಿ ದಾಟಿ ಬಂದಿದೆ. ನದಿ ದಾಟಿದ ಮೇಲೆ ನೋಟ ಕಾಣುವ ಕಡೆ ಕಾರು ನಿಲ್ಲಿಸಿದೆವು. ಅಮ್ಮ ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆ ತೆಗೆದು ಎಲ್ಲರಿಗೂ ಹಂಚಿದರು. ಅಪ್ಪ ನದಿ ನೋಡುತ್ತಾ, "ಇಲ್ಲಿಂದ ಮನೆ ಇನ್ನೆಷ್ಟು ಹೊತ್ತು?" ಅಂದರು. ಎರಡೂವರೆ ಗಂಟೆ ಅಂದೆ. "ಹಂಗಾದ್ರೆ ಇನ್ನೊಂಚೂರು ಕೂತ್ಕೊಳೋಣ" ಅಂದರು.